ಪದ ಬೇಕು, ತುರ್ತು: ‘ರಿಡಂಡೆಂಟ್ ಕೋಲನ್’, ‘ಟಾರ್ಚುವಸ್ ಕೋಲನ್’ (ಆಸ್ಪತ್ರೆಯ ಕರಪತ್ರಕ್ಕೆ)

ಇಂದ: ಮೈಸೂರಿನ ಅನುವಾದಕಿ

ಎಲ್ಲರಿಗೂ ನಮಸ್ಕಾರ.

ಒಂದು ಆಸ್ಪತ್ರೆಗೆ ರೋಗಿಗಳ ಕರಪತ್ರ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಒಳಗಿನದ್ದೆಲ್ಲ ಮುಗಿದಿದೆ. ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ.

ಕೋಲನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಬಿಟ್ಟು ದೊಡ್ಡ ಕರುಳನ್ನು ನೋಡುವುದು) ಅಥವಾ ಸಿ.ಟಿ. ಸ್ಕ್ಯಾನ್ ಆದಮೇಲೆ ಕೆಲವರ ರಿಪೋರ್ಟಿನಲ್ಲಿ ‘ರಿಡಂಡೆಂಟ್ ಕೋಲನ್’ ಅಂತ ಇರುತ್ತದೆ, ಕೆಲವರದ್ದರಲ್ಲಿ ‘ಟಾರ್ಚುವಸ್ ಕೋಲನ್’. ಮೊದಲನೆಯದು ದೊಡ್ಡ ಕರುಳು ಸಾಮಾನ್ಯಕ್ಕಿಂತ ಉದ್ದ ಇದ್ದು, ಹೊಟ್ಟೆಯೊಳಗೆ ಹೆಚ್ಚಿನ ಮಡಿಕೆಗಳಾಗಿ ಕೂತಿರುವುದು. ಎರಡನೆಯದು ತಿರುವುಗಳು ಜಾಸ್ತಿ ಇರುವುದು. ಎರಡೂ ಒಟ್ಟಿಗೆ ಇರುವುದೂ ಉಂಟು.

ಹಳೆಯ ಕರಪತ್ರದಲ್ಲಿ ಮೊದಲನೆಯದಕ್ಕೆ ‘ಅನಗತ್ಯ ಕರುಳು’ ಅಂತಲೂ ಎರಡನೆಯದಕ್ಕೆ ‘ಯಾತನಾಮಯ ಕರುಳು’ ಅಂತಲೂ ಇದೆ. ‘ಯಾತನಾಮಯ’ ಬಂದಿರುವುದು ಟಾರ್ಚರ್ ಅಂತ ಓದಿಕೊಂಡಿದ್ದರಿಂದ. ಎರಡೂ ಹೋಗಬೇಕು. ನನ್ನ ದೊಡ್ಡ ಕರುಳೂ ಇಂಥದ್ದೇ. ‘ಅನಗತ್ಯ’ ಅಂತ ಓದಿದ ಯಾರಾದರೂ ಮೊದಲು ಕೇಳುವುದು ‘ಹಾಗಾದ್ರೆ ಕತ್ತರಿಸಿ ತೆಗೆಸಬೇಕಾ?’ ಅಂತ. ಓದು ಬರದ ಅಜ್ಜಿಗೆ ಮೊಮ್ಮಗ ಓದಿ ಹೇಳಿದರೂ ಹೆದರಿಕೆಯಾಗದೆ ಅರ್ಥವಾಗುವ ಮಾತು ಬೇಕು.

ಇಲ್ಲಿ ಕೋಲನ್ ಅಂದರೆ ಕರುಳು, ವಿವರಣ ಚಿಹ್ನೆ ಅಲ್ಲ.

———

ಇಂದ: ಧಾರವಾಡದ ಮೇಷ್ಟ್ರು

ಹೆಗ್ಗರುಳು. ಹಿರಿದು + ಕರುಳು. ಹೆಬ್ಬಾಗಿಲು, ಹೆದ್ದಾರಿ ಆದ ದಾರಿಯಲ್ಲೇ ಆದದ್ದು. ಉದ್ದ ಹೆಚ್ಚಿದ್ದರೆ ನೀಳ್ಗರುಳು. ಬಾಗು ಹೆಚ್ಚಿದ್ದರೆ ಡೊಂಕುಗರುಳು. ಮೂರೂ ಅಚ್ಚಗನ್ನಡ. ತಲೆಬರಹಕ್ಕೆ ಇಷ್ಟು ಚಿಕ್ಕ ಪದಗಳು ನಿಮಗೆ ಬೇರೆ ಸಿಗುವುದಿಲ್ಲ.

———

ಇಂದ: ಶಿವಮೊಗ್ಗದ ಸಂಸ್ಕೃತ ಅಧ್ಯಾಪಕರು

ಹೆಗ್ಗರುಳು ಯಾರೂ ಆಡದ ಮಾತು. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ‘ದೊಡ್ಡ ಕರುಳು’ ಇದೆ, ಮಕ್ಕಳು ಅದನ್ನೇ ಕಲಿತಿದ್ದಾರೆ. ಅದನ್ನು ಮುಟ್ಟಬೇಡಿ.

ಶಾಸ್ತ್ರದ ಪದವೇ ಬೇಕಾದರೆ ದೀರ್ಘಾಂತ್ರ, ವಕ್ರಾಂತ್ರ (‘ಅಂತ್ರ’ ಅಂದರೆ ಕರುಳು). ಉದ್ದದ ಕರುಳಿಗೆ ವೈದ್ಯರು ‘ಡೋಲಿಕೋಕೋಲನ್’ ಅಂತಲೂ ಅನ್ನುತ್ತಾರೆ. ಗ್ರೀಕಿನ ‘ಡೋಲಿಖೋಸ್’ ಅಂದರೆ ಉದ್ದ. ಅದೂ ಸಂಸ್ಕೃತದ ‘ದೀರ್ಘ’ವೂ ಒಂದೇ ಬೇರಿನಿಂದ ಹುಟ್ಟಿದವು. ಅವರು ತಮ್ಮ ಹಳೆಯ ಭಾಷೆಯಿಂದ ಪದ ಕಟ್ಟಿದರೆ ಶಾಸ್ತ್ರ, ನಾವು ಕಟ್ಟಿದರೆ ಹೊರೆ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

———

ಇಂದ: ಪುತ್ತೂರಿನ ಓದುಗ

‘ಕರುಳು’ ಪದದ ಕಡೆ ಯಾರೂ ನೋಡಲಿಲ್ಲ. ಎಡವಟ್ಟು ಇರುವುದು ಅಲ್ಲೇ.

ಕನ್ನಡದಲ್ಲಿ ಕರುಳು ಬರೀ ಅನ್ನ ಅರಗುವ ಜಾಗ ಅಲ್ಲ. ಹೆತ್ತ ಕರುಳು, ಕರುಳ ಕುಡಿ, ಕರುಳು ಚುರುಕ್ ಅನ್ನುವುದು, ಕರುಳು ಕಿತ್ತು ಬರುವುದು. ಪಕ್ಕದ ಮಲಯಾಳದಲ್ಲಿ ‘ಕರಳ್’ ಅಂದರೆ ಪಿತ್ತಜನಕಾಂಗ ಅಂತ ನಾವು ಹೇಳುವ ಯಕೃತ್ತು. ಅಲ್ಲೂ ಪ್ರೀತಿಯವರನ್ನು ‘ಕರಳೇ’ ಅಂತ ಕರೆಯುತ್ತಾರೆ. ತಮಿಳಿನಲ್ಲಿ ಕರುಳಿಗೆ ‘ಕುಡಲ್’ ಅನ್ನುವ ಬೇರೆಯೇ ಮಾತಿದೆ. ನಮ್ಮಲ್ಲಿ ಅಂಗವೂ ಅಕ್ಕರೆಯೂ ಒಂದೇ ಪದದಲ್ಲಿ ಉಳಿದುಕೊಂಡವು. ಹಾಗಾಗಿ ‘ಡೊಂಕುಗರುಳು’ ಅಂದರೆ ಮನಸ್ಸು ಸರಿಯಿಲ್ಲದವಳು ಅಂತ ಕೇಳಿಸುತ್ತದೆ. ತಾಯಿಯೊಬ್ಬಳ ಕೈಗೆ ಆ ಕಾಗದ ಕೊಡುತ್ತೀರಾ?

‘ದೊಡ್ಡ’ ಜೊತೆಗಿದ್ದರೆ ಅಂಗ ಅನ್ನುವುದು ಸ್ಪಷ್ಟವಾಗುತ್ತದೆ. ಬಾಗಿಗೆ ‘ಸುತ್ತುಬಳಸು’ ಹೇಗೆ? ಸುತ್ತುಬಳಸಿನ ದಾರಿ ಅಂದರೆ ಎಲ್ಲರಿಗೂ ಗೊತ್ತು.

———

ಇಂದ: ಧಾರವಾಡದ ಮೇಷ್ಟ್ರು

ಮಲಯಾಳ ಇಲ್ಲಿ ಬೇಡ. ‘ಸುತ್ತುಬಳಸು’ ಆಗುವುದಿಲ್ಲ. ‘ಬಳಸಿದ ಕರುಳು’ ಅಂತ ಒಂದು ಸಾಲು ಬಂದರೆ ಉಪಯೋಗಿಸಿದ ಕರುಳು ಅಂತಾಗುತ್ತದೆ. ‘ಡೊಂಕು’ ಬೇಡವಾದರೆ ‘ತಿರುಚುಗರುಳು’ ಇಡಿ. ಮುಗೀತು.

———

ಇಂದ: ಬೆಂಗಳೂರಿನ ಸರ್ಜನ್

ಮೇಷ್ಟ್ರೇ, ‘ತಿರುಚು’ ಯಾವ ರೂಪದಲ್ಲೂ ಬೇಡ. ಇದರಿಂದ ಜೀವಕ್ಕೆ ಕುತ್ತು ಬರುತ್ತದೆ.

ಕರುಳು ತನ್ನ ಬುಡದ ಸುತ್ತ ತಾನೇ ತಿರುಚಿಕೊಳ್ಳುವುದು ಬೇರೆಯೇ ಕಾಯಿಲೆ. ನಾವು ‘ವಾಲ್ವುಲಸ್’ ಅನ್ನುತ್ತೇವೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಆಗುತ್ತದೆ. ದಾರಿ ಮುಚ್ಚುತ್ತದೆ, ರಕ್ತದ ಓಡಾಟ ನಿಲ್ಲುತ್ತದೆ, ಕರುಳು ಕೊಳೆಯಬಹುದು. ದೊಡ್ಡ ಕರುಳಿನಲ್ಲಿ ಇದು ಹೆಚ್ಚಾಗಿ ಆಗುವುದು ಸಿಗ್ಮಾಯ್ಡ್ ಭಾಗದಲ್ಲಿ, ಅಂದರೆ ಗುದನಾಳಕ್ಕೆ ಮುಂಚಿನ ಬಾಗಿನಲ್ಲಿ. ಆಫ್ರಿಕಾ, ಮಧ್ಯಪ್ರಾಚ್ಯ, ಭಾರತದಲ್ಲಿ ಪಶ್ಚಿಮ ಯುರೋಪಿಗಿಂತ ಜಾಸ್ತಿ ಕಾಣುತ್ತದೆ. ಹೊಟ್ಟೆ ಬಿಗಿಯಾಗಿ ಉಬ್ಬುವುದು, ಮಲವೂ ಗಾಳಿಯೂ ಹೋಗದಿರುವುದು, ನೋವು, ವಾಂತಿ. ಹೀಗಾದರೆ ಬೆಳಗಾಗಲಿ ಅಂತ ಕಾಯಬಾರದು.

ಸಿಗ್ಮಾಯ್ಡ್ ಉದ್ದ ಇದ್ದವರಿಗೆ ಇದು ಆಗುವ ಸಾಧ್ಯತೆ ಇದೆ. ಆದರೆ ಅವರಲ್ಲಿ ಬಹಳ ಮಂದಿಗೆ ಎಂದೂ ಆಗುವುದಿಲ್ಲ. ಈಗ ಕರಪತ್ರದಲ್ಲಿ ‘ತಿರುಚಿದ ಕರುಳು’ ಅಂತ ಹಾಕಿದಿರಿ ಅಂದುಕೊಳ್ಳಿ. ಆರಾಮಾಗಿ ಇರಬಹುದಾದವರು ಹೆದರಿ ಓಡಿಬರುತ್ತಾರೆ. ನಿಜವಾಗಿ ತಿರುಚಿಕೊಂಡ ದಿನ ‘ನಂದು ಮೊದಲಿಂದಲೂ ತಿರುಚಿದ ಕರುಳೇ’ ಅಂತ ಮನೆಯಲ್ಲೇ ಉಳಿಯುತ್ತಾರೆ. ನನಗೆ ಭಯ ಇರುವುದು ಈ ಎರಡನೆಯವರದ್ದು. ‘ಗಂಟು’ ಕೂಡ ಬೇಡ. ಸಣ್ಣ ಕರುಳು ಸಿಗ್ಮಾಯ್ಡಿಗೆ ಸುತ್ತಿ ಗಂಟು ಬೀಳುವ ತುರ್ತು ಸ್ಥಿತಿಯೂ ಇದೆ.

ಇನ್ನು ‘ಅನಗತ್ಯ’. ದೊಡ್ಡ ಕರುಳು ಸಾಮಾನ್ಯವಾಗಿ ಸುಮಾರು 1.5 ಮೀಟರ್ ಉದ್ದ. ಬಲಗಡೆ ಮೇಲೇರುವ ಭಾಗ, ಎಡಗಡೆ ಇಳಿಯುವ ಭಾಗ ಹೊಟ್ಟೆಯ ಹಿಂಗೋಡೆಗೆ ಅಂಟಿಕೊಂಡಿರುತ್ತವೆ. ನಡುವಿನ ಅಡ್ಡ ಭಾಗವೂ ಸಿಗ್ಮಾಯ್ಡೂ ಒಂದು ಪೊರೆಯಿಂದ ಸಡಿಲವಾಗಿ ತೂಗುತ್ತವೆ. ಹೆಚ್ಚಿನ ಉದ್ದ ಸಾಮಾನ್ಯವಾಗಿ ಕಾಣುವುದು ಈ ಎರಡು ಕಡೆ. ಅಲ್ಲೂ ಕರುಳು ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ನೀರು ಹೀರುತ್ತದೆ. ಇದು ಕಾಯಿಲೆಯಲ್ಲ, ದೇಹದ ರಚನೆಯಲ್ಲಿನ ವ್ಯತ್ಯಾಸ ಅಷ್ಟೇ. ಎಷ್ಟೋ ಜನಕ್ಕೆ ಯಾವ ತೊಂದರೆಯೂ ಇರುವುದಿಲ್ಲ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಗೊತ್ತಾಗುತ್ತದೆ.

ಈ ‘ಅನಗತ್ಯ’ ಅನ್ನುವ ಯೋಚನೆ ವೈದ್ಯರನ್ನೇ ದಾರಿ ತಪ್ಪಿಸಿತ್ತು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಲಂಡನ್ನಿನ ಹೆಸರಾಂತ ಸರ್ಜನ್ ಅರ್ಬತ್‌ನಾಟ್ ಲೇನ್, ಕರುಳಿನ ಬಾಗುಗಳಲ್ಲಿ ಮಲ ನಿಂತು ಮೈಗೆಲ್ಲ ವಿಷ ಏರುತ್ತದೆ ಅಂತ ನಂಬಿದರು. ಮಲಬದ್ಧತೆ ಇದ್ದವರ ದೊಡ್ಡ ಕರುಳನ್ನೇ ತೆಗೆದರು. 1913ರಲ್ಲಿ ಅಲ್ಲಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಈ ವಿಷದ ವಾದದ ಮೇಲೆ ದೊಡ್ಡ ಚರ್ಚೆ ನಡೆಯಿತು. ಆ ವಾದ ಆಮೇಲೆ ಬಿದ್ದುಹೋಯಿತು. ಕನ್ನಡದಲ್ಲಿ ಅದನ್ನು ಮತ್ತೆ ಎಬ್ಬಿಸಬೇಡಿ.

———

ಇಂದ: ಮೈಸೂರಿನ ಅನುವಾದಕಿ

ಡಾಕ್ಟ್ರೇ, ತುಂಬ ಉಪಕಾರ. ‘ತಿರುಚು’ ನನ್ನ ಕರಡಿನಲ್ಲೂ ಎರಡು ಕಡೆ ಇತ್ತು, ತೆಗೆದೆ.

ಒಳಗಿನ ಭಾಗದ ಬಗ್ಗೆಯೂ ಕೇಳಬೇಕು. ಇದರ ಜೊತೆ ಬದುಕುವವರಿಗೆ ದಿನಾ ಬೇಕಾಗುವ ಮಾತುಗಳು ಅಲ್ಲಿವೆ. ಸೊಪ್ಪು, ಕಾಳು, ರಾಗಿ, ಹಣ್ಣು ಜಾಸ್ತಿ ಮಾಡಿ, ಆದರೆ ನಿಧಾನವಾಗಿ ಅಂತ ಬರೆದಿದ್ದೇನೆ. ಒಂದೇ ವಾರದಲ್ಲಿ ನಾರು ಏರಿಸಿದರೆ ಹೊಟ್ಟೆ ಉಬ್ಬರಿಸಿ ಕೂರಲೂ ಆಗುವುದಿಲ್ಲ. ಇಸಬಗೋಲ್ ತೆಗೆದುಕೊಂಡರೆ ನೀರು ಚೆನ್ನಾಗಿ ಕುಡಿಯಬೇಕು, ಒಣಗಿದ್ದೇ ನುಂಗಬಾರದು. ಬೆಳಿಗ್ಗೆ ಎದ್ದಮೇಲೆ, ತಿಂಡಿ ಆದಮೇಲೆ ದೊಡ್ಡ ಕರುಳು ಚುರುಕಾಗುತ್ತದೆ. ಆ ಹೊತ್ತನ್ನು ಬಸ್ಸಿಗೆ ಅಂತ ಕಳೆದುಕೊಳ್ಳಬಾರದು. ನನಗೆ ಎಲ್ಲ ಔಷಧಿಗಿಂತ ಇದೊಂದೇ ಜಾಸ್ತಿ ಅನುಕೂಲ ಮಾಡಿದೆ.

ಕೋಲನೋಸ್ಕೋಪಿ ಬಗ್ಗೆ ಒಂದು ಭಾಗ ಇದೆ. ಉದ್ದ ಕರುಳಿನಲ್ಲಿ ಸ್ಕೋಪ್ ಮುಂದೆ ಹೋಗದೆ ಒಳಗೇ ಸುತ್ತು ಹಾಕಿಕೊಳ್ಳುತ್ತದೆ. ಆಗ ಮಗ್ಗುಲು ಬದಲಿಸಲು ಹೇಳುತ್ತಾರೆ, ಹೊಟ್ಟೆಯನ್ನು ಹೊರಗಿಂದ ಅದುಮಿ ಹಿಡಿಯುತ್ತಾರೆ. ಕೆಲವು ಸಲ ಕೊನೆ ಮುಟ್ಟುವುದೇ ಇಲ್ಲ, ಸಿ.ಟಿ.ಯಲ್ಲಿ ನೋಡಬೇಕಾಗುತ್ತದೆ. ಮುಂದಿನ ಸಲ ಬೇರೆ ಕಡೆ ಮಾಡಿಸಿದರೆ ಹಳೆಯ ರಿಪೋರ್ಟ್ ತೋರಿಸಿ, ‘ಹಿಂದೆ ಕಷ್ಟ ಆಗಿತ್ತು’ ಅಂತ ಮೊದಲೇ ಹೇಳಿ ಅಂತ ಸೇರಿಸಿದ್ದೇನೆ.

ಪ್ರಶ್ನೆ ಏನಂದರೆ, ಇಲ್ಲೆಲ್ಲ ‘ಮಲಬದ್ಧತೆ’, ‘ಮಲವಿಸರ್ಜನೆ’ ಅಂತ ಬರೆಯಲೋ, ಜನ ಹೇಳುವ ಹಾಗೆ ‘ಮೋಷನ್’ ಅಂತ ಬರೆಯಲೋ?

———

ಇಂದ: ಕಲಬುರಗಿಯ ನರ್ಸ್

ನಮ್ಮ ವಾರ್ಡಿನಲ್ಲಿ ‘ಮಲವಿಸರ್ಜನೆ ಆಯಿತೇ?’ ಅಂತ ಕೇಳಿದರೆ ಮುಖ ನೋಡುತ್ತಾರೆ. ‘ಸಂಡಾಸ ಆಯ್ತೇನ್ರಿ?’ ಅಂತ ಕೇಳಿದರೆ ಉತ್ತರ ಬರುತ್ತದೆ. ವಯಸ್ಸಾದವರು ‘ಬಯಲಕಡಿ’ ಅಂತಾರೆ. ಓದಿದವರು ‘ಮೋಷನ್’. ‘ಲೂಸ್ ಮೋಷನ್’ ಅಂತೂ ಎಲ್ಲರಿಗೂ ಗೊತ್ತು. ರಾಜ್ಯಕ್ಕೆಲ್ಲ ಒಂದೇ ಕರಪತ್ರ ಆದರೆ ಮೋಷನ್ ಇಡಿ.

———

ಇಂದ: ಧಾರವಾಡದ ಮೇಷ್ಟ್ರು

ಸಂಡಾಸ ನಮ್ಮ ಕಡೆಯೂ ಆಡುತ್ತೇವೆ, ಬಂದದ್ದು ಮರಾಠಿಯಿಂದ. ಮೋಷನ್ ಇಂಗ್ಲಿಷು. ಮಲಬದ್ಧತೆ ಸಂಸ್ಕೃತ. ಇಸಬಗೋಲ್ ಪಾರ್ಸಿ. ಕನ್ನಡಿಗರ ಹೊಟ್ಟೆಯ ಬಗ್ಗೆ ಬರೆಯುವ ಕಾಗದದಲ್ಲಿ ಕನ್ನಡಕ್ಕೆ ಜಾಗ ಎಲ್ಲಿ? ‘ಹೊಟ್ಟೆ ಕಟ್ಟುವುದು’, ‘ಹೊಟ್ಟೆ ಸಾಫಾಗುವುದು’ ಇಲ್ಲವೇ?

———

ಇಂದ: ಶಿವಮೊಗ್ಗದ ಸಂಸ್ಕೃತ ಅಧ್ಯಾಪಕರು

‘ಸಾಫ್’ ಅರಬ್ಬಿಯಿಂದ ಬಂದದ್ದು ಮೇಷ್ಟ್ರೇ. ಕರಪತ್ರ ಹಂಚುವ ‘ಆಸ್ಪತ್ರೆ’ ಪರದೇಶದ ಮಾತು, ಅದನ್ನಿಡುವ ‘ಮೇಜು’ ಪೋರ್ಚುಗೀಸರದು. ‘ಕಕ್ಕಸು’ ಡಚ್ಚರಿಂದ ಬಂತು. ಇವಕ್ಕೆಲ್ಲ ಬಾಗಿಲು ತೆರೆದಿಟ್ಟು ಸಂಸ್ಕೃತಕ್ಕೆ ಮಾತ್ರ ಮುಚ್ಚುತ್ತೀರಿ. ಇದರಲ್ಲಿ ತತ್ವ ಏನೂ ಕಾಣುವುದಿಲ್ಲ.

———

ಇಂದ: ಧಾರವಾಡದ ಮೇಷ್ಟ್ರು

ಕಾಣದಿದ್ದರೆ ಹೇಳುತ್ತೇನೆ. ಮೇಜು, ಕಕ್ಕಸು, ಸಾಫ್ ಇವು ಜನರ ಬಾಯಿಂದ ಬಂದವು, ಬಾಯಲ್ಲೇ ಬೆಳೆದವು. ನಾನು ಅವನ್ನು ಹೊರಗೆ ಹಾಕಿ ಅಂದಿಲ್ಲ. ‘ವಕ್ರಾಂತ್ರ’ ಒಬ್ಬರು ಮೇಜಿನ ಮುಂದೆ ಕೂತು ಕಟ್ಟಿದ್ದು. ಅದನ್ನು ಯಾವ ರೋಗಿಯೂ ಹೇಳಿಲ್ಲ.

———

ಇಂದ: ಕಲಬುರಗಿಯ ನರ್ಸ್

ನೀಳ್ಗರುಳನ್ನೂ ಯಾವ ರೋಗಿಯೂ ಹೇಳಿಲ್ಲ ಸರ್. ಮೋಷನ್ ದಿನಾ ಹೇಳುತ್ತಾರೆ.

———

ಇಂದ: ಪುತ್ತೂರಿನ ಓದುಗ

ಸಿಸ್ಟರ್ ಹೇಳಿದ್ದು ಸರಿ. ಆದರೆ ಇಷ್ಟನ್ನು ಸೇರಿಸುತ್ತೇನೆ. ‘ಅಂಕುಡೊಂಕು’ ನಮ್ಮದೇ, ಎಲ್ಲ ಜಿಲ್ಲೆಯಲ್ಲೂ ಆಡುತ್ತಾರೆ. ಬರೀ ‘ಡೊಂಕು’ ಅಂದಾಗ ಬರುವ ಬೈಗುಳದ ವಾಸನೆ ಜೋಡಿಪದದಲ್ಲಿ ಇಲ್ಲ. ರಸ್ತೆ ಅಂಕುಡೊಂಕು, ಹೊಳೆ ಅಂಕುಡೊಂಕು. ಅದರಲ್ಲಿ ತಪ್ಪಿನ ಮಾತೇ ಇಲ್ಲ.

———

ಇಂದ: ಬೆಂಗಳೂರಿನ ಸರ್ಜನ್

ಅಂಕುಡೊಂಕು ಚೆನ್ನಾಗಿದೆ. ವೈದ್ಯಕೀಯವಾಗಿಯೂ ಸರಿ. ದಾರಿ ಬಾಗಿದೆ ಅನ್ನುತ್ತದೆ, ಮುಚ್ಚಿದೆ ಅನ್ನುವುದಿಲ್ಲ.

ಮೇಡಂ, ಇನ್ನೊಂದು ಸಾಲು ಮರೆಯಬೇಡಿ. ಹೊಟ್ಟೆ ಕಟ್ಟುವುದೆಲ್ಲ ಈ ಉದ್ದದಿಂದಲೇ ಅಂತ ಹೇಳಲು ಬರುವುದಿಲ್ಲ. ಉದ್ದ ಕರುಳಿದ್ದೂ ದಿನಾ ಸರಾಗವಾಗಿ ಹೋಗುವವರಿದ್ದಾರೆ, ಸಾಮಾನ್ಯ ಉದ್ದ ಇದ್ದೂ ಒದ್ದಾಡುವವರಿದ್ದಾರೆ. ಥೈರಾಯ್ಡ್ ಕಡಿಮೆಯಾದರೂ, ಕೆಲವು ನೋವಿನ ಮಾತ್ರೆಗಳಿಂದಲೂ, ಕಬ್ಬಿಣದ ಮಾತ್ರೆಯಿಂದಲೂ ಕಟ್ಟುತ್ತದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ಕಡಿಮೆಯಾಗುವುದು, ಅಭ್ಯಾಸ ಇದ್ದಕ್ಕಿದ್ದಂತೆ ಬದಲಾಗುವುದು. ಇವನ್ನು ‘ನನ್ನ ಕರುಳೇ ಉದ್ದ’ ಅಂತ ತಳ್ಳಿಹಾಕಬಾರದು, ತೋರಿಸಿಕೊಳ್ಳಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ.

———

ಇಂದ: ಮೈಸೂರಿನ ಅನುವಾದಕಿ

ಹಾಕಿದೆ. ಈಗ ಹೀಗಿದೆ, ನೋಡಿ.

ತಲೆಬರಹ: ‘ದೊಡ್ಡ ಕರುಳು ಉದ್ದ ಜಾಸ್ತಿ ಇದೆಯೇ? ಅಂಕುಡೊಂಕಾಗಿದೆಯೇ?’

ಅದರ ಕೆಳಗೆ: ‘ನಿಮ್ಮ ರಿಪೋರ್ಟಿನಲ್ಲಿ ರಿಡಂಡೆಂಟ್ ಕೋಲನ್ ಅಥವಾ ಟಾರ್ಚುವಸ್ ಕೋಲನ್ ಎಂದು ಬರೆದಿರಬಹುದು. ನಿಮ್ಮ ದೊಡ್ಡ ಕರುಳು ಸಾಮಾನ್ಯಕ್ಕಿಂತ ಉದ್ದವಾಗಿದೆ, ಅಥವಾ ಅದರಲ್ಲಿ ತಿರುವುಗಳು ಹೆಚ್ಚಿವೆ ಎಂದು ಇದರ ಅರ್ಥ. ಇದು ತಾನಾಗಿಯೇ ಒಂದು ಕಾಯಿಲೆಯಲ್ಲ. ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ.’

ಇಂಗ್ಲಿಷ್ ಹೆಸರನ್ನು ಕನ್ನಡ ಅಕ್ಷರದಲ್ಲಿ ಉಳಿಸಿಕೊಂಡಿದ್ದು ಬೇಕಂತಲೇ. ರಿಪೋರ್ಟ್ ಇಂಗ್ಲಿಷಿನಲ್ಲೇ ಬರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಹೊಂದಿಸಿಕೊಳ್ಳಲು ಆಗಬೇಕು. ಒಳಗೆ ಮೊದಲ ಸಲ ‘ಹೊಟ್ಟೆ ಕಟ್ಟುವುದು (ಮಲಬದ್ಧತೆ)’, ಆಮೇಲೆಲ್ಲ ‘ಹೊಟ್ಟೆ ಕಟ್ಟುವುದು’. ‘ಮೋಷನ್’ ಇದೆ, ಕಲಬುರಗಿ ಕಡೆಯ ಪ್ರತಿಗಳಲ್ಲಿ ‘ಸಂಡಾಸ’ ಹಾಕಲು ಕೇಳಿಕೊಂಡಿದ್ದೇನೆ. ಮೇಷ್ಟ್ರೇ, ‘ಹೊಟ್ಟೆ ಕಟ್ಟುವುದು’ ನೀವು ಕೊಟ್ಟಿದ್ದೇ. ಹೆಗ್ಗರುಳನ್ನು ಬಿಡಬೇಕಾಯಿತು.

ಸಂಸ್ಕೃತದ ವಾದಕ್ಕೆ ಬೇರೆ ಎಳೆ ತೆರೆಯಿರಿ, ಅಲ್ಲಿಗೆ ನಾನೂ ಬರುತ್ತೇನೆ. ಇದರಲ್ಲಿ ಕಾಗುಣಿತದ ತಪ್ಪು ಕಂಡರೆ ಮಾತ್ರ ಬೆಳಿಗ್ಗೆ 7ರೊಳಗೆ ಬರೆಯಿರಿ.