ಪದಚರ್ಚೆ: ‘ದ್ವಿತೀಯಕ ಸೋಂಕು’ ಎಂಬುದಕ್ಕೆ ಬೇರೆ ಮಾತು ಇದೆಯೇ?

ಸ್ನೇಹಿತರೇ,

ಏಡಿಗಳ ರೋಗಗಳನ್ನು ಕುರಿತ ಲೇಖನವೊಂದರ ಅನುವಾದವನ್ನು ತಿದ್ದುತ್ತಿದ್ದೇನೆ. ಮೊದಲ ಸಾಲಿನಲ್ಲೇ ‘ಕಾಡು ಸಮುದ್ರ ಏಡಿಗಳು’ ಎಂದಿತ್ತು. ಸಮುದ್ರಕ್ಕೆ ಕಾಡು ಎಲ್ಲಿಂದ ಬಂತು? ಸಾಕಿದ ಏಡಿಯಲ್ಲ ಎಂಬುದಷ್ಟೇ ಅಲ್ಲಿನ ಅರ್ಥ. ‘ಕಡಲಲ್ಲಿ ತಾವಾಗಿ ಬೆಳೆಯುವ ಏಡಿಗಳು’ ಎಂದು ತಿದ್ದಿ ಮುಂದೆ ಹೋದೆ. ತೊಡಕಾದದ್ದು ‘ದ್ವಿತೀಯಕ ಸೋಂಕು’ ಎಂಬಲ್ಲಿ.

ಹೆಮಟೋಡಿನಿಯಂ ಎಂಬ ಏಕಕೋಶ ಪರಾವಲಂಬಿ ಏಡಿಯ ನೆತ್ತರಿನಲ್ಲಿ ಬೀಡುಬಿಟ್ಟು ಹೆಚ್ಚುತ್ತದೆ. ನೆತ್ತರು ಹಾಲಿನಂತೆ ಬೆಳ್ಳಗಾಗುತ್ತದೆ, ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಮೈ ಕಾಯುವ ರಕ್ತಕಣಗಳು ಕ್ಷೀಣಿಸುತ್ತವೆ. ಅಲಾಸ್ಕದ ಟ್ಯಾನರ್ ಏಡಿಗಳಲ್ಲಿ ಮಾಂಸವೇ ಕಹಿಯಾಗುವುದರಿಂದ ಇದಕ್ಕೆ ‘ಕಹಿ ಏಡಿ ರೋಗ’ ಎಂಬ ಹೆಸರೂ ಇದೆ. ಹೀಗೆ ಸೊರಗಿದ ಮೈಯೊಳಕ್ಕೆ ಬ್ಯಾಕ್ಟೀರಿಯಾಗಳೂ ಏಕಕೋಶ ಜೀವಿಗಳಾದ ಸಿಲಿಯೇಟ್‌ಗಳೂ ನುಗ್ಗುತ್ತವೆ. ಗಟ್ಟಿಮುಟ್ಟಾದ ಏಡಿಯ ಮುಂದೆ ಇವುಗಳ ಆಟ ಅಷ್ಟಾಗಿ ನಡೆಯುತ್ತಿರಲಿಲ್ಲ.

ಇದನ್ನು ‘ದ್ವಿತೀಯಕ’ ಎಂದರೆ ಓದುಗರಿಗೆ ಎರಡನೇ ದರ್ಜೆಯದು, ಅಷ್ಟೇನೂ ಮುಖ್ಯವಲ್ಲದ್ದು ಎಂದು ತೋರುತ್ತದೆ. ಏಡಿಯ ಪ್ರಾಣ ತೆಗೆಯುವುದು ಕೆಲವೊಮ್ಮೆ ಇದೇ! ‘ಎರಡನೆಯ ಸೋಂಕು’ ಎಂದರೆ ಅದೇ ರೋಗ ಮತ್ತೊಮ್ಮೆ ಬಂತು ಎಂದಾಗುತ್ತದೆ. ‘ಆನುಷಂಗಿಕ’ದಲ್ಲಿ ಜೊತೆಗೆ ಬಂದದ್ದು ಎಂಬ ಅರ್ಥವಿದೆಯೇ ಹೊರತು, ಮೊದಲಿನದು ದಾರಿ ಮಾಡಿಕೊಟ್ಟಿತು ಎಂಬುದಿಲ್ಲ. ನನಗೆ ಬೇಕಾದದ್ದು ಆ ದಾರಿ. ‘ಬಿದ್ದವರಿಗೆ ಆಳಿಗೊಂದು ಕಲ್ಲು’ ಎಂಬ ಗಾದೆಯಲ್ಲಿ ಅದು ಪೂರ್ತಿಯಾಗಿದೆ, ಆದರೆ ಗಾದೆಯನ್ನು ಪರಿಭಾಷೆ ಮಾಡಲಾಗದು. ‘ಎಡೆಸೋಂಕು’ ಎಂದು ಕಟ್ಟಿ ನೋಡಿದೆ: ಎಡೆ ಸಿಕ್ಕಾಗ ನುಗ್ಗುವ ಸೋಂಕು. ಏಡಿಯ ಲೇಖನದಲ್ಲಿ ಅದು ಅಚ್ಚಿನ ತಪ್ಪಿನಂತೆ ಕಂಡಿತು. ‘ಬೆನ್ನುಸೋಂಕು’ ಎಂದರೆ ಬೆನ್ನುನೋವಿನ ತಮ್ಮ. ಸದ್ಯಕ್ಕೆ ‘ಹಿಂಬಾಲಿಸಿ ಬಂದ ಸೋಂಕು’ ಎಂದು ಬರೆದಿಟ್ಟಿದ್ದೇನೆ. ಉದ್ದವಾಯಿತು.

ಮೇಲೆ ‘ನೆತ್ತರು’ ಎಂದು ಬೇಕೆಂದೇ ಬರೆದೆ. ಏಡಿಯ ದೇಹದ್ರವ ತಾಮ್ರವಿರುವ ಹೀಮೋಸಯನಿನ್‌ನಿಂದ ಆಮ್ಲಜನಕ ತಗಲಿದಾಗ ನೀಲಿಯಾಗುತ್ತದೆ. ‘ರಕ್ತ’ ಎಂಬ ಪದದಲ್ಲೇ ಕೆಂಪಿದೆ. ಆದರೂ ‘ರಕ್ತಕಣ’ ಎಂಬಲ್ಲಿ ನಾನೇ ಸೋತಿದ್ದೇನೆ, ‘ನೆತ್ತರುಕಣ’ಕ್ಕೆ ಧೈರ್ಯ ಬರಲಿಲ್ಲ.

ಇನ್ನೊಂದು ತೊಡಕು ಸ್ಯಾಕುಲಿನಾದ್ದು. ಇದು ಬಂಡೆ, ಹಡಗುಗಳಿಗೆ ಅಂಟಿ ಬೆಳೆಯುವ ಬಾರ್ನಕಲ್‌ಗಳ ಬಳಗದ ಪ್ರಾಣಿ. ಏಡಿಯ ಒಳಗೆಲ್ಲ ಬೇರಿನಂತೆ ಹರಡಿ, ಕೊನೆಗೆ ಹೊಟ್ಟೆಯ ಮಡಿಕೆಯಡಿ, ಹೆಣ್ಣೇಡಿ ಮೊಟ್ಟೆ ಹೊರುವ ಜಾಗದಲ್ಲೇ, ಚೀಲವಾಗಿ ಹೊರಬರುತ್ತದೆ. ಏಡಿಗೆ ಸಂತಾನಶಕ್ತಿ ಹೋಗುತ್ತದೆ. ಗಂಡೇಡಿಯ ಹೊಟ್ಟೆಯ ಮಡಿಕೆಯೂ ಹೆಣ್ಣಿನದರಂತೆ ಅಗಲವಾಗುತ್ತದೆ, ಅದು ಆ ಚೀಲವನ್ನು ತನ್ನ ಮೊಟ್ಟೆಯೆಂಬಂತೆ ಒಪ್ಪವಾಗಿ ನೋಡಿಕೊಳ್ಳುತ್ತದೆ. ಬೇಡದ ಅತಿಥಿಯನ್ನು ಹೊತ್ತ ಜೀವಿಯನ್ನು ‘ಆತಿಥೇಯ’ ಎನ್ನುವುದು ನನಗೆ ಎಂದೂ ಹಿಡಿಸಿಲ್ಲ. ಇಲ್ಲಿ ಮಾತ್ರ ಆ ಪದ ಅಳತೆಗೆ ಹೊಲಿದಂತೆ ಕೂತಿತು.

ಆದರೆ ಇದು ‘ಸೋಂಕು’ ಹೌದೇ? ಸೋಂಕು ಎಂದರೆ ಮೂಲದಲ್ಲಿ ಮುಟ್ಟುವುದು, ತಗಲುವುದು. ಇದು ಬೇರೂರಿ ಹಬ್ಬಿದ್ದು. ಮರದ ರಸ ಹೀರುವ ‘ಬಂದಳಿಕೆ’ಯೇ ನೆನಪಿಗೆ ಬರುತ್ತದೆ. ಸಸ್ಯಕ್ಕೆ ಸಂದ ಆ ಹೆಸರನ್ನು ಪ್ರಾಣಿಗೆ ಇಟ್ಟರೆ ನಿಮ್ಮ ಕಿವಿಗೆ ಒರಟಾಗುತ್ತದೆಯೇ? ಹೇನಿಗೆ ಹೇಳುವಂತೆ ‘ಬಾಧೆ’ ಎಂದರೆ ಸಾಕೇ? ಇದಕ್ಕೂ ‘ದ್ವಿತೀಯಕ’ಕ್ಕೂ ನೀವು ಬಳಸಿದ, ಕೇಳಿದ ಮಾತುಗಳಿದ್ದರೆ ದಯವಿಟ್ಟು ತಿಳಿಸಿ.