ಬಟ್ ಜಾಯಿಂಟ್ (ಎರಡು ಪ್ಲೇಟಿನ ಅಂಚು ಎದುರುಬದುರು ಸೇರಿಸಿದ ಜೋಡಣೆ) ಮೇಲೆ ವೆಲ್ಡ್ ಎಷ್ಟು ಉಬ್ಬಿರಬಹುದು?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಅಡಿಕೆ ಗೋದಾಮಿನ ಶೆಡ್ ಕೆಲಸ. 12 ಎಂಎಂ ಪ್ಲೇಟು, ವೆಲ್ಡ್ ಅಗಲ 14, ಉಬ್ಬು 4 ಎಂಎಂ ಬಂದಿದೆ. 'ಜಾಸ್ತಿ ಇದ್ರೆ ಗಟ್ಟಿ ಅಲ್ವಾ ಸಾರ್' ಅಂತಾನೆ ವೆಲ್ಡರ್. ಬಿಡಬಹುದಾ?

ಉತ್ತರ 1: ಗಟ್ಟಿ ಏನೂ ಆಗಲ್ಲ ಮಾರಾಯ್ರೆ, ಸುಮ್ನೆ ರಾಡ್ ದಂಡ. ಐಎಸ್‌ಒ 5817 (ವೆಲ್ಡ್ ಗುಣಮಟ್ಟದ ಮಾನದಂಡ) ಪ್ರಕಾರ ಸಿ ದರ್ಜೆಗೆ ಉಬ್ಬು ಹೆಚ್ಚೆಂದರೆ 1 ಎಂಎಂ ಜೊತೆ ಅಗಲದ 0.15 ಪಾಲು, ಅಂದರೆ ನಿಮಗೆ 3.1. ಬಿ ದರ್ಜೆಗೆ 2.4 ಅಷ್ಟೇ. ಡಿ ಆದರೆ 4.5, ಪಾಸು. ಯಾವ ದರ್ಜೆ ಅಂತ ಡ್ರಾಯಿಂಗ್ ನೋಡಿ.

ಉತ್ತರ 2: ಎತ್ತರಕ್ಕಿಂತ ಅಂಚು ನೋಡಿ. ವೆಲ್ಡ್ ಪ್ಲೇಟಿಗೆ ಸೇರುವ ಕಡೆ ಉಗುರು ತಡೆದು ನಿಂತರೆ ಒತ್ತಡವೆಲ್ಲ ಅಲ್ಲೇ ಕೂರುತ್ತದೆ, ಕ್ರೇನ್ ಓಡುವ ಬೀಮ್ ಆದರೆ ಬಿರುಕು ಶುರುವಾಗುವುದೂ ಅಲ್ಲಿಂದಲೇ. ಗ್ರೈಂಡ್ ಮಾಡುವಾಗ ಪ್ಲೇಟ್ ತಿನ್ನಬೇಡಿ.

ಪ್ರಶ್ನೆ ಕೇಳಿದವರು: ಸಿ ಅಂತಿದೆ. ಮಳೆ ಬಿಟ್ಟರೆ ನಾಳೆ ಗ್ರೈಂಡರ್ ಹಿಡಿಸುತ್ತೇನೆ.