ಗಡಿಯಾರ ಹಿಂದಕ್ಕೆ ಹೋದಾಗ ಅಜ್ಜ-ಅಜ್ಜಿಯ ಕರೆಯನ್ನು ಹೇಗೆ ಹೊಂದಿಸುತ್ತೀರಿ?

ಪ್ರಶ್ನೆ: ನಾವು ಜರ್ಮನಿಯಲ್ಲಿದ್ದೇವೆ. ಮಗಳು ಸಂಜೆ ಐದೂವರೆಗೆ ಭಾರತದಲ್ಲಿರುವ ಅಜ್ಜ-ಅಜ್ಜಿಯೊಡನೆ ವಿಡಿಯೊ ಕರೆಯಲ್ಲಿ ಮಾತನಾಡುತ್ತಾಳೆ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ ಅಲ್ಲಿ ರಾತ್ರಿ ಹತ್ತಾಗಿರುತ್ತದೆ. ಅತ್ತೆಯವರು ನಿದ್ದೆಗಣ್ಣಿನಲ್ಲಿಯೇ ಫೋನ್ ಹಿಡಿದು ಕೂರುತ್ತಾರೆ. ಕರೆಯನ್ನು ಹಿಂದಕ್ಕೆ ತರೋಣವೆಂದರೆ ಆ ಹೊತ್ತಿಗೆ ಮಗು ಇನ್ನೂ ಶಿಶುವಿಹಾರದಿಂದ ಬಂದಿರುವುದಿಲ್ಲ. ನೀವೇನು ಮಾಡುತ್ತೀರಿ?

ಉತ್ತರ 1: ಹಿರಿಯರ ನಿದ್ದೆಯನ್ನು ಕದಲಿಸದಿರುವುದೇ ಲೇಸು. ಫೋನಿನ ಕ್ಯಾಲೆಂಡರಿನಲ್ಲಿ ಕರೆಯನ್ನು ಭಾರತದ ಸಮಯವಲಯಕ್ಕೆ ಗೊತ್ತುಪಡಿಸಿದರೆ, ಇಲ್ಲಿನ ಗಡಿಯಾರ ಬದಲಾದರೂ ಅವರ ಹೊತ್ತಿಗೇ ನೆನಪಿಸುತ್ತದೆ. ಸಂಜೆ ಆಗದ ದಿನ ಧ್ವನಿ ಸಂದೇಶ ಸಾಕು.

ಉತ್ತರ 2: ನಾವು ಚಳಿಗಾಲದಲ್ಲಿ ಕರೆಯನ್ನು ಬೆಳಗಿಗೆ ಬದಲಾಯಿಸುತ್ತೇವೆ. ಇಲ್ಲಿ ಏಳು ಗಂಟೆಯೆಂದರೆ ಅಲ್ಲಿ ಹನ್ನೊಂದೂವರೆ, ಮನೆಯಲ್ಲಿ ಬಿಡುವಿನ ಸಮಯ. ಫೋನನ್ನು ಚಪ್ಪಲಿ ಗೂಡಿಗೆ ಒರಗಿಸಿಟ್ಟರೆ, ಮಗ ಎಡಗಾಲಿಗೆ ಬಲಗಾಲಿನ ಬೂಟು ತುರುಕುವುದನ್ನು ತಾತ ಅಲ್ಲಿಂದಲೇ ತಿದ್ದುತ್ತಾರೆ (ನನ್ನ ಮಾತನ್ನು ಅವನು ಕೇಳುವುದೇ ಇಲ್ಲ). ಎದುರಿಗೆ ಕೂರಿಸಿ 'ಮಾತಾಡು' ಎಂದು ಒತ್ತಾಯಿಸುವುದಕ್ಕಿಂತ ಇದು ಎಷ್ಟೋ ಸಹಜವಾಗಿದೆ.

ಪ್ರಶ್ನೆ ಕೇಳಿದವರು: ಬೆಳಗಿನ ಉಪಾಯ ಹಿಡಿಸಿತು; ವಾರದ ದಿನಗಳಲ್ಲಿ ಹಾಗೆಯೇ ಮಾಡಿ, ರಜಾದಿನಗಳಲ್ಲಿ ಮಾತ್ರ ಮಧ್ಯಾಹ್ನ ನಿಧಾನವಾಗಿ ಮಾತನಾಡಿಸುತ್ತೇವೆ.